ಚಿರೋಟಿಯಂಥ ಪದರು, ಬೆರಳಿಗೆ ಉಂಗುರ

ಹೋದ ಸಂಚಿಕೆಯಲ್ಲಿ ಮೊಕುಮೆ ಗಾನೆ ಅನ್ನುವ ಜಪಾನಿನ ಲೋಹದ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬೆಳ್ಳಿ, ತಾಮ್ರದಂಥ ಎರಡು ಬಣ್ಣದ ತಗಡುಗಳನ್ನು ಒಂದರ ಮೇಲೊಂದು ಇಟ್ಟು, ಬೆಸುಗೆ ಹಾಕದೆ ಬರೀ ಕಾವು ಮತ್ತು ಒತ್ತಡದಿಂದ ಒಂದೇ ಗಟ್ಟಿ ಮಾಡುತ್ತಾರೆ. ಆಮೇಲೆ ಅದನ್ನು ಕೊರೆದು, ತಟ್ಟಿ, ಅರದಿಂದ ಉಜ್ಜಿ ಸಾಗವಾನಿ ಹಲಗೆಯ ಮೇಲಿನ ಗೆರೆಗಳ ಹಾಗೆ ಚಿತ್ತಾರ ಬರಿಸುತ್ತಾರೆ. ಇಷ್ಟಕ್ಕೇ ಪತ್ರಗಳ ಮೇಲೆ ಪತ್ರ ಬಂದವು, ಅದೂ ಬಹುತೇಕ ಮದುವೆ ಉಂಗುರದ್ದೇ. ಆರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದೇನೆ. ನಾಲ್ಕು ತಿಂಗಳಿಗೆ ನನ್ನ ನಿಶ್ಚಿತಾರ್ಥ. ಎರಡೂ ಉಂಗುರ ನಾನೇ ಮಾಡಬೇಕು ಅಂತ ಆಸೆ. ಕೈಯಲ್ಲಿ ಸುತ್ತಿಗೆ ಹಿಡಿದದ್ದು ಗೋಡೆಗೆ ಮೊಳೆ ಹೊಡೆಯೋಕೆ ಮಾತ್ರ. ಆಗುತ್ತಾ?
— ವಿದ್ಯಾನಗರ, ಹುಬ್ಬಳ್ಳಿ

ಆಗುತ್ತೆ. ಆದರೆ ಮೊದಲು ಒಂದು ಕೆಲಸ ಮಾಡಿ. ಪೇಟೆಗೆ ಹೋಗಿ ಎರಡು ಸಾದಾ ಉಂಗುರ ತಂದು ಅಮ್ಮನ ಕೈಗೆ ಕೊಟ್ಟಿಡಿ. ನೀವು ಮಾಡಿದ್ದು ಚೆನ್ನಾಗಿ ಬಂದರೆ ಅವು ಬೇಡ, ಬರದಿದ್ದರೆ ನಿಶ್ಚಿತಾರ್ಥದ ದಿನ ಬೀಗರ ಮುಂದೆ ಬರಿಗೈಲಿ ನಿಲ್ಲಬೇಕಾಗಿಲ್ಲ. ತಮಾಷೆಗೆ ಹೇಳುತ್ತಿಲ್ಲ. ಮೊದಲನೇ ಗಟ್ಟಿಯಿಂದ ಉಂಗುರ ಆಗುವುದಿಲ್ಲ ಅಂತಲೇ ಲೆಕ್ಕ ಹಾಕಿಕೊಂಡು ಶುರು ಮಾಡಬೇಕು. ನನ್ನದು ಮೊದಲನೆಯದೂ ಆಗಲಿಲ್ಲ, ಎರಡನೆಯದೂ ಆಗಲಿಲ್ಲ. ಎರಡೂ ಕೆಟ್ಟದ್ದು ಬೇರೆ ಬೇರೆ ಕಾರಣಕ್ಕೆ, ಅದನ್ನೇ ಹೇಳಿಬಿಡುತ್ತೇನೆ.

ಮೊದಲನೆಯದು ಕೊಳೆಯಿಂದ ಕೆಟ್ಟಿತು. ತಗಡುಗಳನ್ನು ಹುಣಸೆ ನೀರಲ್ಲಿ ತಿಕ್ಕಿ ಫಳಫಳ ಅನ್ನುವ ಹಾಗೆ ಮಾಡಿದ್ದೆ. ಆಮೇಲೆ ಒಂದೊಂದನ್ನೇ ಬರಿಗೈಯಿಂದ ಎತ್ತಿ ಜೋಡಿಸಿದೆ, ಅದೂ ಮಧ್ಯಾಹ್ನ ಮಿರ್ಚಿ ತಿಂದ ಕೈಯಲ್ಲಿ. ಕಾಯಿಸಿ, ತಣಿಸಿ, ಸುತ್ತಿಗೆಯಿಂದ ನಾಲ್ಕು ಏಟು ಹಾಕಿದ್ದೇ ತಡ, ಗಟ್ಟಿ ನಡುವೆ ಬಾಯಿ ಬಿಟ್ಟಿತು. ಒಳಗೆ ತಾಮ್ರದ ಮೇಲೆ ನನ್ನ ಹೆಬ್ಬೆರಳಿನ ಗುರುತು ಕಂದು ಬಣ್ಣದಲ್ಲಿ ಅಚ್ಚೊತ್ತಿದ ಹಾಗೆ ಕೂತಿತ್ತು. ಪೊಲೀಸರಿಗೂ ಅಷ್ಟು ಚೆಂದದ ಗುರುತು ಸಿಗಲಿಕ್ಕಿಲ್ಲ. ಚಿರೋಟಿ ಮಾಡುವವರು ಪದರುಗಳು ಅಂಟಿಕೊಳ್ಳಬಾರದು ಅಂತ ನಡುನಡುವೆ ತುಪ್ಪ, ಹಿಟ್ಟು ಸವರುತ್ತಾರೆ, ಅಲ್ವಾ? ಬೆರಳ ಜಿಡ್ಡು ಮಾಡುವುದೂ ಅದೇ ಕೆಲಸ. ಚಿರೋಟಿಗೆ ಅದು ಗುಣ, ಉಂಗುರಕ್ಕೆ ಅದೇ ದೋಷ.

ಹಾಗಾಗಿ ಪ್ರತಿ ತಗಡನ್ನೂ ಮೊದಲು ಪೂರ್ತಿ ಸಪಾಟು ಮಾಡಿ, 400 ನಂಬರಿನ ಎಮರಿ ಕಾಗದದಿಂದ ಎರಡೂ ಕಡೆ ಉಜ್ಜಿ, ಪಾತ್ರೆ ಸೋಪಿನಿಂದ ತೊಳೆಯಿರಿ. ಆಮೇಲೆ ನಲ್ಲಿ ಕೆಳಗೆ ಹಿಡಿದು ನೋಡಿ. ನೀರು ತಾವರೆ ಎಲೆ ಮೇಲಿನ ಹಾಗೆ ಹನಿಹನಿಯಾಗಿ ನಿಂತರೆ ಇನ್ನೂ ಜಿಡ್ಡಿದೆ. ಇಡೀ ತಗಡಿನ ಮೇಲೆ ತೆಳ್ಳಗೆ ಹರಡಿಕೊಂಡರೆ ಚೊಕ್ಕಟ. ಅಲ್ಲಿಂದ ಮುಂದೆ ಕೈಗವಸು ಹಾಕಿ ಅಂಚನ್ನಷ್ಟೇ ಹಿಡಿಯಬೇಕು.

ಎರಡನೆಯದು ಅವಸರದಿಂದ ಕೆಟ್ಟಿತು. ಬೆಳ್ಳಿ ಕರಗುವುದು ಸುಮಾರು 961 ಡಿಗ್ರಿಗೆ, ತಾಮ್ರ 1085ಕ್ಕೆ. ಹಾಗಾದರೆ 850ಕ್ಕೆ ಇಟ್ಟರೆ ಏನೂ ಆಗಲ್ಲ, ಬೇಗ ಅಂಟಿಕೊಳ್ಳುತ್ತೆ ಅಂತ ಯಾರಿಗಾದರೂ ಅನಿಸುತ್ತದೆ. ನನಗೂ ಅನಿಸಿತು. ಆದರೆ ಬೆಳ್ಳಿ ಮತ್ತು ತಾಮ್ರ ಮೈಗೆ ಮೈ ತಾಗಿಸಿಕೊಂಡು ಕೂತಾಗ, ತಾಗಿದ ಜಾಗದಲ್ಲಿ 779 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಕುಲ್ಫಿ ಮಾಡುವವರು ಐಸಿಗೆ ಉಪ್ಪು ಹಾಕುತ್ತಾರಲ್ಲ, ಉಪ್ಪು ತಾಗಿದ ಐಸು ಸೊನ್ನೆಗಿಂತ ಕೆಳಗೂ ಕರಗುತ್ತದಲ್ಲ, ಇದೂ ಅದೇ ಜಾತಿಯ ಆಟ. ಊಟ ಮಾಡಿ ಬರೋಣ ಅಂತ ಒಳಗೆ ಹೋದೆ, ವಾಪಸ್ ಬಂದಾಗ ಹದಿಮೂರು ಪದರು ಹೋಗಿ ಒಂದು ಬೂದು ಬಣ್ಣದ ಗೋಲಿ ಆಗಿತ್ತು. ಈಗಲೂ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಡೋಕೆ ಬರುತ್ತದೆ.

ಹಾಗಾಗಿ ಬೆಳ್ಳಿ-ತಾಮ್ರಕ್ಕೆ 740ರಿಂದ 760 ಡಿಗ್ರಿ, ಅದರ ಮೇಲೆ ಬೇಡ. ಆ ಕಾವಿನಲ್ಲಿ ಐದಾರು ಗಂಟೆ ಸುಮ್ನೆ ಬಿಡಬೇಕು. ಏನೂ ಕರಗುವುದಿಲ್ಲ, ಒಂದು ಲೋಹದ ಅಣುಗಳು ಇನ್ನೊಂದರೊಳಗೆ ನಿಧಾನಕ್ಕೆ ನುಸುಳಿ ಎರಡೂ ಒಂದಾಗುತ್ತವೆ. ಸಣ್ಣ ಕರೆಂಟ್ ಭಟ್ಟಿ ಇದ್ದರೆ ಅದರ ಮೇಲಿನ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಕಾವು ಅಳೆಯುವ ತಂತಿಯ ತುದಿ ಗಟ್ಟಿಯ ಪಕ್ಕದಲ್ಲೇ ಇರಲಿ.

ಒತ್ತಿ ಹಿಡಿಯೋಕೆ ಎರಡು ದಪ್ಪ ಕಬ್ಬಿಣದ ಪ್ಲೇಟು, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು. ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಯಾವ ವರ್ಕ್‌ಶಾಪಿನವರಿಗೆ ಹೇಳಿದರೂ ಕತ್ತರಿಸಿ ತೂತು ಹೊಡೆದು ಕೊಡುತ್ತಾರೆ. ಸತು ಲೇಪಿಸಿದ ಹೊಳೆಯುವ ಬೋಲ್ಟು ಮಾತ್ರ ಬೇಡವೇ ಬೇಡ, ಕಾದಾಗ ಬರುವ ಹೊಗೆ ಜ್ವರ ಬರಿಸುತ್ತದೆ. ಪ್ಲೇಟಿನ ಒಳಮೈಗೆ ಕಾವಿ ಮಣ್ಣು ಕಲಸಿ ಬಳಿದು ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಗಟ್ಟಿಯೇ ಹೋಗಿ ಪ್ಲೇಟಿಗೆ ಅಂಟೀತು. ಇಡೀ ಜೋಡಣೆಯನ್ನು ಕಬ್ಬಿಣದ ಡಬ್ಬಿಯಲ್ಲಿ ಇದ್ದಿಲ ಚೂರುಗಳ ನಡುವೆ ಹುದುಗಿಸಿ ಮುಚ್ಚಿ. ಒಳಗಿರುವ ಗಾಳಿಯ ಆಮ್ಲಜನಕವನ್ನು ಇದ್ದಿಲು ತಿಂದುಹಾಕುತ್ತದೆ, ತಾಮ್ರ ಕಪ್ಪಾಗುವುದಿಲ್ಲ.

ಲೋಹ ಎಷ್ಟು ಬೇಕು? ಅಭ್ಯಾಸಕ್ಕೆ 15 ಮಿಲಿಮೀಟರ್ ಚೌಕದ, 0.8 ಮಿ.ಮೀ. ದಪ್ಪದ ನಾಲ್ಕು ಬೆಳ್ಳಿ, ಮೂರು ತಾಮ್ರ ಸಾಕು. ಬೆಳ್ಳಿ ಏಳೂವರೆ ಗ್ರಾಂ ಆಗುತ್ತದೆ. ಇಂಥವು ಮೂರು ಮಾಡಿ, ಮೂರೂ ಬಾಯಿ ಬಿಡದೆ ನಿಂತರೆ ಆಗ ನಿಜವಾದದ್ದು: 25 ಮಿ.ಮೀ. ಚೌಕ, ಎಂಟು ಬೆಳ್ಳಿ, ಏಳು ತಾಮ್ರ. ಬೆಳ್ಳಿ ಸುಮಾರು 42 ಗ್ರಾಂ. ಎರಡು ಉಂಗುರಕ್ಕೆ ಇದು ಜಾಸ್ತಿಯೇ, ಆದರೆ ಅಂಚು ಕತ್ತರಿಸಿ, ಮೇಲ್ಮೈ ಉಜ್ಜಿ ಬಿಸಾಕುವುದು ಎಷ್ಟು ಅಂತ ಮಾಡಿದಾಗಲೇ ಗೊತ್ತಾಗೋದು. ಉದುರಿದ ಪುಡಿಯನ್ನು ಗುಡಿಸಿ ಇಟ್ಟುಕೊಳ್ಳಿ, ಅದೂ ದುಡ್ಡೇ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊದಲಿನಿಂದಲೂ ಬೆಳ್ಳಿ ಕಾಲುಂಗುರದ ಕೆಲಸ. ಕರೆಂಟ್ ಭಟ್ಟಿ ಇಲ್ಲ, ಅಗ್ಗಿಷ್ಟಿಕೆ ಇದೆ, ತಗಡು ಹೊಡೆಯುವ ಮಶಿನ್ ಇದೆ. ಇಷ್ಟರಲ್ಲಿ ಆಗುತ್ತಾ ಸರ್?
— ಬೆಟಗೇರಿ, ಗದಗ

ಅಕ್ಕಾ, ಮೇಲಿನ ಹುಬ್ಬಳ್ಳಿ ತಮ್ಮನಿಗಿಂತ ನೀವು ಹತ್ತು ಹೆಜ್ಜೆ ಮುಂದಿದ್ದೀರಿ. ಜಪಾನಿನ ಅಕಿತದಲ್ಲಿ ಶೋಆಮಿ ದೆನ್ಬೆ ಅನ್ನುವ ಕುಶಲಕರ್ಮಿ ಈ ಕೆಲಸ ಶುರು ಮಾಡಿದ ಅಂತ ಹೇಳುತ್ತಾರೆ. ಅವನ ಕಾಲ 1651ರಿಂದ 1728. ಕತ್ತಿಯ ಹಿಡಿಕೆ, ಕೈಕಾಪಿನ ಬಿಲ್ಲೆಗಳಿಗೆ ಮಾಡುತ್ತಿದ್ದದ್ದು. ಅವನ ಹತ್ತಿರ ಯಾವ ಕರೆಂಟಿತ್ತು? ಇದ್ದಿಲು, ತಿದಿ, ಕಣ್ಣು ಅಷ್ಟೇ.

ಇದ್ದಿಲ ಕೆಲಸದಲ್ಲಿ ಕಾವನ್ನು ಕಣ್ಣಿನಿಂದಲೇ ಅಳೆಯಬೇಕು, ಅದಕ್ಕೆ ನೆರಳು ಬೇಕು. ಬಿಸಿಲಲ್ಲಿ ಕೂತರೆ ಕೆಂಪು ಕಾಣೋದೇ ಇಲ್ಲ, ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಸಂಜೆ ಹೊತ್ತು ಒಳ್ಳೆಯದು. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಬೇಡ, ಇದ್ದಿಲಿನ ಗಾಳಿಗೆ ವಾಸನೆ ಇರುವುದಿಲ್ಲ, ಜೀವ ತೆಗೆಯುತ್ತದೆ. ಪಡಸಾಲೆ ಅಥವಾ ಹಿತ್ತಲಿನ ಚಪ್ಪರ ಸರಿ. ಗಟ್ಟಿಯ ಸುತ್ತ ಇದ್ದಿಲು ಒಂದೇ ಸಮ ಇರಲಿ, ಗಾಳಿ ನೇರ ಗಟ್ಟಿಗೆ ಬಡಿಯದಿರಲಿ, ಆಗಾಗ ತಿರುಗಿಸಿ. ಮಂಕು ಕೆಂಪು ದಾಟಿ ಮಾಗಿದ ಮೆಣಸಿನಕಾಯಿಯ ಕೆಂಪಿಗೆ ಬಂದಾಗ ಅಂಚಿನಿಂದ ಕಣ್ಣು ತೆಗೆಯಬೇಡಿ.

ನನಗೆ ಇದನ್ನು ತೋರಿಸಿಕೊಟ್ಟವರು ಧಾರವಾಡದ ಒಬ್ಬ ಹಿರಿಯ ಪತ್ತಾರರು. ಮೊಕುಮೆ ಅನ್ನೋ ಹೆಸರೇ ಅವರು ಕೇಳಿರಲಿಲ್ಲ. ಇಕ್ಕಳದಲ್ಲಿ ಗಟ್ಟಿ ತಿರುಗಿಸುತ್ತಾ ಕೂತವರು ಇದ್ದಕ್ಕಿದ್ದಂತೆ, "ತಮ್ಮಾ, ಬೆಳ್ಳಿ ಬೆವರಾಕ ಹತ್ತೇತಿ ನೋಡು, ತಗಿ ತಗಿ" ಅಂದರು. ಬಗ್ಗಿ ನೋಡಿದರೆ ಪದರುಗಳ ಅಂಚಿನ ಗೆರೆಯಲ್ಲಿ ಸಣ್ಣ ಒದ್ದೆ ಮಿಂಚು, ಮೂಗಿನ ಮೇಲೆ ಬೆವರು ಒಡೆದ ಹಾಗೆ. ನಾನು ಮೇಲೆ ಹೇಳಿದ 779 ಡಿಗ್ರಿ ಅಂದರೆ ಅದೇ. ಅವರು ಅಂಕಿ ನೋಡಲಿಲ್ಲ, ಬೆವರು ನೋಡಿದರು. ಆ ಕ್ಷಣಕ್ಕೆ ಬೆಂಕಿಯಿಂದ ತೆಗೆದು, ಪ್ಲೇಟಿನ ಮೇಲೆ ಸುತ್ತಿಗೆಯಿಂದ ಎರಡು ಹದವಾದ ಏಟು. ಜೋರಾಗಿ ಹೊಡೆದರೆ ಕರಗಿದ್ದು ಚಿಮ್ಮುತ್ತದೆ, ಹುಷಾರು. ಹೀಗೆ ಬೆವರಿಸಿ ಕೂಡಿಸಿದರೆ ಗಂಟೆಗಟ್ಟಲೆ ಕಾಯಬೇಕಾಗಿಲ್ಲ, ಆದರೆ ಅರ್ಧ ನಿಮಿಷ ತಡವಾದರೆ ನನ್ನ ಗೋಲಿಗೆ ಜೊತೆ ಸಿಗುತ್ತದೆ.

ಮಶಿನ್ ಬಗ್ಗೆ ಒಂದು ಮಾತು. ಕೂಡಿಸಿದ ಗಟ್ಟಿಯನ್ನು ನೇರ ಮಶಿನ್ನಿಗೆ ಕೊಡಬೇಡಿ. 12 ಮಿ.ಮೀ. ಇದ್ದದ್ದನ್ನು ಮಂಕು ಕೆಂಪಿಗೆ ಕಾಯಿಸಿ ಕಾಯಿಸಿ ಸುತ್ತಿಗೆಯಿಂದಲೇ ಅರ್ಧಕ್ಕೆ ಇಳಿಸಿ, ಆಮೇಲೆ ಮಶಿನ್. ಅಲ್ಲೂ ಒಂದೆರಡು ಸಲ ಎಳೆದ ಮೇಲೆ ಮತ್ತೆ ಕಾಯಿಸಿ ಮೆತ್ತಗೆ ಮಾಡಬೇಕು. ಅಂಚಿನಲ್ಲಿ ಕೂದಲೆಳೆ ಬಿರುಕು ಕಂಡರೂ ಅಲ್ಲೇ ನಿಲ್ಲಿಸಿ ಅರದಿಂದ ಉಜ್ಜಿ ತೆಗೆಯಿರಿ. "ಇಷ್ಟೇ ಅಲ್ವಾ" ಅಂತ ಬಿಟ್ಟರೆ ಮುಂದಿನ ಎಳೆತಕ್ಕೆ ಬಿರುಕು ಒಳಗೆ ಓಡಿರುತ್ತದೆ. ಕೆಂಪಿದ್ದಾಗ ನೀರಿಗೆ ಹಾಕಬೇಡಿ, ಕೆಂಪು ಆರಿದ ಮೇಲೆ ಹಾಕಿ.

ಪ್ರಶ್ನೆ: ಇದು ನಮ್ಮ ಬಿದರಿ ಕೆಲಸವೇ ಅಲ್ವಾ? ಇಲ್ಲಾ ಡಮಾಸ್ಕಸ್ ಅಂತ ಮಾರ್ತಾರಲ್ಲ, ಅದಾ?
— ಹಾವೇರಿ

ಎರಡೂ ಅಲ್ಲ. ಬಿದರಿಯಲ್ಲಿ ಸತು ಜಾಸ್ತಿ, ತಾಮ್ರ ಸ್ವಲ್ಪ ಇರುವ ಎರಕದ ಮೇಲೆ ಗೆರೆ ಕೊರೆದು ಬೆಳ್ಳಿ ಕೂರಿಸುತ್ತಾರೆ, ಆಮೇಲೆ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುತ್ತಾರೆ. ಅಲ್ಲಿ ಚಿತ್ರ ಮೇಲ್ಮೈಯಲ್ಲಿ ಕೂತಿರುತ್ತದೆ, ಇಲ್ಲಿ ಗಟ್ಟಿಯ ಮೈಯೊಳಗೇ ಇರುತ್ತದೆ. ಡಮಾಸ್ಕಸ್ ಅನ್ನುವುದು ಉಕ್ಕಿನ ಕೆಲಸ. ಹಳೆಯ ಡಮಾಸ್ಕಸ್ ಕತ್ತಿಗಳಿಗೆ ನಮ್ಮ ದಕ್ಷಿಣದ 'ವೂಟ್ಜ್' ಉಕ್ಕು ಹೋಗುತ್ತಿತ್ತು, ಆ ಹೆಸರು 'ಉಕ್ಕು' ಅನ್ನುವ ನಮ್ಮ ಮಾತಿನಿಂದಲೇ ಬಂದದ್ದು ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಈಗ ಅಂಗಡಿಯಲ್ಲಿ ಡಮಾಸ್ಕಸ್ ಉಂಗುರ ಅಂತ ಸಿಗುವುದು ಸಾಮಾನ್ಯವಾಗಿ ಪದರು ಪದರು ಸ್ಟೀಲು. ಉಪಾಯ ಒಂದೇ, ಲೋಹ ಬೇರೆ.

ಪ್ರಶ್ನೆ: ಚಿತ್ತಾರ ನಮಗೆ ಬೇಕಾದ ಹಾಗೆ ಬರಿಸಬಹುದಾ? ನನ್ನ ಹುಡುಗಿಗೆ ಕಸೂತಿ ಅಂದರೆ ಪ್ರಾಣ. ಉಂಗುರದ ಮೇಲೆ ಕಸೂತಿಯ ಗೋಪುರ ಬರಬೇಕು.
— ರಾಣೇಬೆನ್ನೂರು

ಗೋಪುರ ಬರಲ್ಲ ತಮ್ಮಾ. ಕಸೂತಿ ಎಳೆ ಎಣಿಸಿ ಹಾಕುವ ನೇರ ಗೆರೆ. ಇದು ತಟ್ಟಿದಂತೆ ಹರಿದುಕೊಂಡು ಹೋಗುವ ಗೆರೆ. ಬರುವುದು ಮರದ ಗೆರೆ, ಕಣ್ಣು, ಅಲೆ, ನಕ್ಷತ್ರ. ಅದೃಷ್ಟ ಇದ್ದರೆ ನವಿಲುಗರಿಯ ಕಣ್ಣಿನಂಥದ್ದು ಬಂದೀತು, ಅದನ್ನೇ ತೋರಿಸಿ ಕಸೂತಿ ನವಿಲು ಅನ್ನಿ.

ಲೋಹಕ್ಕೆ ಕೈ ಹಾಕುವ ಮೊದಲು ಮಕ್ಕಳ ಬಣ್ಣದ ಜೇಡಿ ತನ್ನಿ, ಎರಡು ಬಣ್ಣ. ಲಟ್ಟಿಸಿ, ಒಂದರ ಮೇಲೊಂದು ಎಂಟು ಪದರು ಇಡಿ. ಪೆನ್ನಿನ ತುದಿಯಿಂದ ಅಲ್ಲಲ್ಲಿ ಗುಳಿ ಕೊರೆಯಿರಿ, ಕೊರೆದದ್ದನ್ನು ತೆಗೆದುಹಾಕಿ. ಈಗ ಲಟ್ಟಣಿಗೆಯಿಂದ ಮತ್ತೆ ಸಪಾಟು ಮಾಡಿ. ಗುಳಿಯ ತಳದಲ್ಲಿದ್ದ ಪದರು ಮೇಲೆ ಬಂದು, ಕೆರೆಗೆ ಕಲ್ಲು ಹಾಕಿದಾಗ ಏಳುವ ಬಳೆಗಳ ಹಾಗೆ ಕಾಣುತ್ತದೆ. ಲೋಹದಲ್ಲೂ ಇದೇ. ಗಟ್ಟಿ 5 ಮಿ.ಮೀ. ಆದಾಗ ಡ್ರಿಲ್ಲಿನಿಂದ ಮೂರರಲ್ಲೊಂದು ಪಾಲಿನಷ್ಟು ಆಳದ ಗುಳಿ, ಆಮೇಲೆ 2 ಮಿ.ಮೀ.ಗೆ ಎಳೆಯುವುದು. ಗುಳಿಯ ಗೋಡೆ ನೆಟ್ಟಗಿದ್ದರೆ ಎಳೆಯುವಾಗ ಮಡಚಿಕೊಂಡು ಕೊಳೆ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ಹಾಗಾಗಿ ಗುಳಿ ತಟ್ಟೆಯ ಹಾಗೆ ಅಗಲವಾಗಿರಲಿ. ಇನ್ನೊಂದು ದಾರಿ, ತೆಳು ಮಾಡಿದ ಮೇಲೆ ಹಿಂಬದಿಯಿಂದ ಗುಂಡು ಉಳಿಯಲ್ಲಿ ಉಬ್ಬಿಸಿ, ಮುಂದಿನಿಂದ ಉಬ್ಬನ್ನು ಅರದಿಂದ ಉಜ್ಜಿ ಸಮ ಮಾಡುವುದು. ನಕ್ಷತ್ರ ಬೇಕಾದರೆ ಗಟ್ಟಿಯನ್ನು ಚೌಕ ಸರಳು ಮಾಡಿ, ಕೆಂಪಗೆ ಕಾಯಿಸಿ ತಿರುಚಿ, ನಡುವೆ ಉದ್ದಕ್ಕೆ ಸೀಳಬೇಕು. ಸೀಳಿದ ಮುಖದ ಮೇಲೆ ನಕ್ಷತ್ರದ ಸಾಲು ಸಿಗುತ್ತದೆ. ಮೊದಲ ಸಲಕ್ಕೆ ಇದು ಬೇಡ. ತಿರುಚುವಾಗ ಅರೆಬರೆ ಅಂಟಿದ ಪದರು ಬಾಯಿ ಬಿಡುತ್ತದೆ.

ಪಟ್ಟಿಯ ಉದ್ದದ ಲೆಕ್ಕ ಬಹಳ ಜನ ತಪ್ಪುತ್ತಾರೆ. ಉಂಗುರದ ಒಳಗಿನ ಅಡ್ಡಳತೆಗೆ ತಗಡಿನ ದಪ್ಪ ಕೂಡಿಸಿ, 3.14ರಿಂದ ಗುಣಿಸಿ. ಒಳಗೆ 18, ದಪ್ಪ 2 ಅಂದರೆ 20, ಅಲ್ಲಿಗೆ ಸುಮಾರು 63 ಮಿ.ಮೀ. ದಪ್ಪ ಬಿಟ್ಟು ಲೆಕ್ಕ ಹಾಕಿದರೆ ಆರು ಮಿ.ಮೀ. ಕಡಿಮೆಯಾಗಿ, ಉಂಗುರ ಬೆರಳಿನ ಗೆಣ್ಣಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಬೇರೆ ಊರಿನ ಒಬ್ಬರ ಹತ್ತಿರ ಬೆಳ್ಳಿ-ತಾಮ್ರದ ಪದರದ ಉಂಗುರ ಮಾಡಿಸಿದ್ದೆ. ಈಗ ಬೆರಳು ಹಸಿರಾಗುತ್ತದೆ, ತಾಮ್ರದ ಗೆರೆಗಳೆಲ್ಲ ಒಳಗೆ ಹೋಗಿ ಬೆಳ್ಳಿ ಗೆರೆ ಉಗುರಿಗೆ ತಾಗುತ್ತೆ. ಮೋಸ ಮಾಡಿದರಾ?
— ಸಪ್ತಾಪುರ, ಧಾರವಾಡ

ಮೋಸ ಅನ್ನಲಾರೆ. ಆದರೆ ಹೇಳಬೇಕಾದದ್ದನ್ನು ಹೇಳಿಲ್ಲ. ಬೆಳ್ಳಿ, ತಾಮ್ರ ಎರಡೂ ತಾಗಿಕೊಂಡಿದ್ದು ಮೇಲೆ ಬೆವರಿನ ಉಪ್ಪುನೀರು ಬಿದ್ದರೆ ಅದು ಒಂದು ಪುಟ್ಟ ಬ್ಯಾಟರಿ. ಅದರಲ್ಲಿ ಸವೆಯುವುದು ಯಾವಾಗಲೂ ತಾಮ್ರ. ನಮ್ಮ ಬೇಸಿಗೆಯಲ್ಲಿ, ಜೊತೆಗೆ ದಿನಾ ಪಾತ್ರೆ ತೊಳೆಯುವ ಕೈಯಾದರೆ, ಎರಡು ವರ್ಷಕ್ಕೆ ಹೀಗಾಗುವುದು ಆಶ್ಚರ್ಯ ಏನಲ್ಲ. ಬೆರಳಿನ ಹಸಿರೂ ತಾಮ್ರದ್ದೇ. ತೊಳೆದರೆ ಹೋಗುತ್ತದೆ.

ನಿಮ್ಮ ಉಂಗುರ ಉಳಿಸಬಹುದು. ಒಳಗೆ ತೆಳ್ಳನೆ ಬೆಳ್ಳಿಯ ಅಸ್ತರಿ, ಅರ್ಧ ಮಿಲಿಮೀಟರ್ ಸಾಕು, ಕೂರಿಸಿ ಬೆಸುಗೆ ಹಾಕಿಸಿ. ಚರ್ಮಕ್ಕೆ ಬರೀ ಬೆಳ್ಳಿ ತಾಗುತ್ತದೆ. ಸ್ವಲ್ಪ ಬಿಗಿ ಆಗುತ್ತದೆ, ಅದನ್ನು ನೋಡಿಕೊಳ್ಳಿ. ಮೇಲ್ಮೈಯನ್ನು ಉಜ್ಜಿ ಸಮ ಮಾಡಿದರೆ ಚಿತ್ತಾರ ಬದಲಾಗಿ ಹೊಸದೇ ಬರುತ್ತದೆ, ಒಳಗೂ ಪದರು ಇದೆಯಲ್ಲ. ಬೆಸುಗೆ ಹಾಕುವವರಿಗೆ ಎರಡು ಮಾತು ಹೇಳಿ. ಕಾವು 779 ಹತ್ತಿರ ಹೋಗಬಾರದು, ಬೇಗ ಕರಗುವ ಬೆಸುಗೆ ಬಳಸಲಿ. ಮತ್ತೆ, ಬೇಗ ಕರಗುತ್ತೆ ಅಂತ ಕ್ಯಾಡ್ಮಿಯಂ ಇರುವ ಬೆಸುಗೆ ಬಳಸಬಾರದು. ಕೆಡಿಎಂ ಅನ್ನೋ ಹೆಸರಲ್ಲಿ ನಾವೆಲ್ಲ ಕೇಳಿದ್ದು ಅದನ್ನೇ. ಅದರ ಹೊಗೆ ಕೆಲಸ ಮಾಡುವವರ ಪುಪ್ಪುಸ, ಮೂತ್ರಪಿಂಡ ತಿನ್ನುತ್ತದೆ.

ಹೊಸದಾಗಿ ಮಾಡುವವರಿಗೂ ಇದೇ ನನ್ನ ಸಲಹೆ. ದಿನಾ ಹಾಕುವ ಉಂಗುರಕ್ಕೆ ಅಸ್ತರಿ ಇಲ್ಲದೆ ತಾಮ್ರ ಬೇಡ. ಇನ್ನು ಕೆಲವರು ಗೆರೆ ಎದ್ದು ಕಾಣಲಿ ಅಂತ ಸರ್ಕ್ಯೂಟ್ ಬೋರ್ಡಿಗೆ ಬಳಸುವ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ ಬೇಕಂತಲೇ ತಾಮ್ರವನ್ನು ತಿನ್ನಿಸುತ್ತಾರೆ. ಪೆಂಡೆಂಟಿಗೆ ಸರಿ. ಉಂಗುರದಲ್ಲಿ ಆ ಸಂದಿಗೆ ಚಪಾತಿ ಹಿಟ್ಟು ಸೇರಿಕೊಂಡರೆ ತೆಗೆಯೋಕೆ ಹಲ್ಲುಜ್ಜುವ ಬ್ರಷ್ಷೇ ಬೇಕು. ನೈಟ್ರಿಕ್ ಆಸಿಡ್ ಅಂತೂ ಮನೆಯೊಳಗೆ ತರಲೇಬೇಡಿ.

ಪ್ರಶ್ನೆ: ಮಗ ಬಂಗಾರ ಬಿಟ್ಟು ಇಂಥ ಉಂಗುರ ಹಾಕ್ತೀನಿ ಅಂತ ಹಟ ಹಿಡಿದಿದ್ದಾನೆ. ನಾಳೆ ಮಾರಿದರೆ ಏನು ಬರುತ್ತೆ? ಮತ್ತೆ ಅಳತೆ ದೊಡ್ಡದು ಮಾಡಿಸೋಕಾಗುತ್ತಾ?
— ಹಳೇ ಹುಬ್ಬಳ್ಳಿ

ಯಜಮಾನರೇ, ಮಾರಿದರೆ ಏನೂ ಬರಲ್ಲ. ಬೆಳ್ಳಿಯನ್ನೂ ತಾಮ್ರವನ್ನೂ ಬೇರೆ ಮಾಡುವ ಖರ್ಚೇ ಜಾಸ್ತಿ, ಪೇಟೆಯಲ್ಲಿ ಯಾರೂ ತಕ್ಕಡಿಗೆ ಹಾಕಲ್ಲ. ನಿಮ್ಮ ಸಮಾಧಾನಕ್ಕೆ ಅಷ್ಟೇ ತೂಕದ ಬಂಗಾರ ಸೊಸೆಗೆ ಹಾಕಿ, ಮಗನ ಬೆರಳು ಅವನಿಗೆ ಬಿಡಿ.

ಅಳತೆ ಬದಲಾಯಿಸೋದು ಕಷ್ಟ. ಕತ್ತರಿಸಿ ತುಂಡು ಸೇರಿಸಿದರೆ ಆ ಜಾಗದಲ್ಲಿ ಗೆರೆ ಕೂಡುವುದಿಲ್ಲ, ಹಿಗ್ಗಿಸಿದರೆ ಪದರು ಬಿಚ್ಚಬಹುದು. ಅದಕ್ಕೆ ಮೊದಲೇ ಸರಿಯಾಗಿ ಅಳೆಯಬೇಕು. ಬೆಳಿಗ್ಗೆ ಎದ್ದ ಕೂಡಲೇ ಬೇಡ, ಸಂಜೆ ಅಳೆಯಿರಿ, ಬೆರಳು ಸ್ವಲ್ಪ ಊದಿರುತ್ತದೆ. ದಾರ ಸುತ್ತಿ ಅಳೆಯುವುದೂ ಬೇಡ, ಅಂಗಡಿಯಲ್ಲಿ ಅಳತೆ ಉಂಗುರಗಳ ಗೊಂಚಲು ಇರುತ್ತದೆ, ಅದರಲ್ಲಿ ಅಗಲ ಪಟ್ಟಿಯದ್ದನ್ನೇ ಹಾಕಿ ನೋಡಲಿ. ಆರು ಮಿಲಿಮೀಟರ್ ಅಗಲದ ಉಂಗುರ ಅದೇ ಅಳತೆಯ ತೆಳು ಉಂಗುರಕ್ಕಿಂತ ಬಿಗಿ ಅನಿಸುತ್ತದೆ, ಅರ್ಧ ನಂಬರು ಮೇಲೆ ಹೋದರೆ ಸರಿ. ಮದುವೆ ಮೇ ತಿಂಗಳಲ್ಲಿದ್ದು ಅಳತೆ ಡಿಸೆಂಬರ್ ಚಳಿಯಲ್ಲಿ ತೆಗೆದಿದ್ದರೆ, ದಯವಿಟ್ಟು ಇನ್ನೊಂದು ಸಲ ತೆಗೆಸಿ.